ಹಳೇ ಲೆನ್ಸ್, ಹೊಸ ಕ್ಯಾಮೆರಾ: ಫೋಕಸ್ ಮಾತ್ರ ಕೈಯಾಗ!

ಕೊಲ್ಹಾಪುರ: ರೋಲ್ ಕಾಲದಿಂದ ಫೋಟೊ ಸ್ಟುಡಿಯೊ ಇಟ್ಟವರ ಕಪಾಟು ತೆಗೆದು ನೋಡ್ರಿ. ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟ ಒಂದೆರಡು ಲೆನ್ಸ್ ಸಿಗುತ್ತವೆ. ಯಾಶಿಕಾ, ನಿಕಾನ್, ಪೆಂಟಾಕ್ಸ್, ರಷ್ಯದ ಜೆನಿಟ್ ಜತೆ ಬಂದ ಹೆಲಿಯೊಸ್. ಕ್ಯಾಮೆರಾದ ಬಾಡಿ ಕೆಟ್ಟು ಗುಜರಿಗೆ ಹೋಗಿ ವರ್ಷಗಳೇ ಆಗಿರುತ್ತವೆ. ಗಾಜು ಮಾತ್ರ ಹಾಗೇ ಇರುತ್ತದೆ. ಕೆಲಸವಿಲ್ಲದೆ ಬಿದ್ದ ಈ ಗಾಜಿಗೆ ಈಗ ಮತ್ತೆ ಕೆಲಸ ಬಂದಿದೆ. ಮಿರರ್‌ಲೆಸ್ ಎಂಬ ಹೊಸ ಜಾತಿಯ ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಅಡಾಪ್ಟರ್ ಉಂಗುರ ಹಾಕಿದರೆ ಇವುಗಳಲ್ಲಿ ಹೆಚ್ಚಿನವು ಚೊಕ್ಕ ಕೂಡುತ್ತವೆ.

ಆದರೆ ಒಂದು ತೊಡಕು. ಆಟೊಫೋಕಸ್ ಇಲ್ಲ. ಬಟನ್ ಅರ್ಧ ಒತ್ತಿದರೆ 'ಟಿಕ್' ಅಂತ ಸದ್ದು ಮಾಡಿ ತಾನೇ ಕೂಡುವ ಫೋಕಸ್ ಇಲ್ಲಿ ಸಿಗುವುದಿಲ್ಲ. ರಿಂಗ್ ತಿರುಗಿಸಬೇಕು, ಕಣ್ಣಿನಿಂದ ನೋಡಬೇಕು, ಅಂತರ ಅಳೆಯಬೇಕು. ಹತ್ತು ವರ್ಷದಿಂದ ಮದುವೆ ಫೋಟೊ ತೆಗೆಯುವ ಹುಡುಗನಿಗೂ ಇದು ಹೊಸ ಪಾಠ. ಅವರಪ್ಪನಿಗೆ ಇದು ಬಂದೇ ಇತ್ತು!

ಕೈಯಿಂದ ಫೋಕಸ್ ಮಾಡಿದ ಊರು

ಈ ವಿದ್ಯೆಗೆ ಕೊಲ್ಹಾಪುರಕ್ಕಿಂತ ಒಳ್ಳೆಯ ಊರು ಇನ್ನೊಂದಿಲ್ಲ. ಮಂಗಳವಾರ ಪೇಟೆಯ ಖರಿ ಕಾರ್ನರ್‌ದಾಗ ಕ್ಯಾಮೆರಾಕ್ಕೇ ಒಂದು ಸ್ತಂಭವಿದೆ. ಕಲಾಮಹರ್ಷಿ ಬಾಬುರಾವ್ ಪೇಂಟರ್ ಅವರ ನೆನಪಿಗೆ ನಿಲ್ಲಿಸಿದ್ದು. ವಿದೇಶಿ ಕ್ಯಾಮೆರಾ ಕೊಳ್ಳುವುದು ಕಷ್ಟವಿದ್ದ ಕಾಲದಲ್ಲಿ ಅವರು ವಿ.ಜಿ. ದಾಮ್ಲೆ ಅವರ ಜತೆ ಸೇರಿ 1918ರಲ್ಲಿ ತಾವೇ ಸಿನಿಮಾ ಕ್ಯಾಮೆರಾ ತಯಾರಿಸಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ 'ಸೈರಂಧ್ರಿ' 1920ರಲ್ಲಿ ತೆರೆ ಕಂಡಿತು. 1929ರಲ್ಲಿ ಇದೇ ಊರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿತು. 1933ರಲ್ಲಿ ಅದು ಪುಣೆಗೆ ಹೋಯಿತು.

ಕನ್ನಡಿಗರಿಗೆ ಇನ್ನೂ ಹತ್ತಿರದ ನಂಟಿದೆ. ತೆರೆ ಕಂಡ ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' ಚಿತ್ರೀಕರಣವಾಗಿದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನಾ, ಆರ್. ನಾಗೇಂದ್ರರಾವ್ ರಾವಣ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ ಎಂಬುದು ನೋವಿನ ಸಂಗತಿ. ಅದರ ಒಂದೊಂದು ಶಾಟ್‌ಗೂ ಫೋಕಸ್ ಮಾಡಿದ್ದು ಮನುಷ್ಯನ ಕೈ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಆಗ ಬೇರೆ ದಾರಿಯೇ ಇರಲಿಲ್ಲ.

ಸಿನಿಮಾದಲ್ಲಿ ಆ ಪದ್ಧತಿ ಇಂದಿಗೂ ಸತ್ತಿಲ್ಲ. ದೊಡ್ಡ ಚಿತ್ರಗಳ ಸೆಟ್‌ನಲ್ಲಿ 'ಫೋಕಸ್ ಪುಲ್ಲರ್' ಅಂತ ಒಬ್ಬ ಬೇರೆಯೇ ಇರುತ್ತಾನೆ. ಕ್ಯಾಮೆರಾದಿಂದ ನಟನ ಮುಖಕ್ಕೆ ಟೇಪು ಹಿಡಿದು ಅಳೆದು, ನೆಲದ ಮೇಲೆ ಗುರುತು ಹಾಕಿ, ನಟ ನಡೆದಂತೆ ರಿಂಗ್ ತಿರುಗಿಸುವುದು ಅವನ ಕೆಲಸ. ಸ್ಟಿಲ್ ಫೋಟೊದವರು ಮಾತ್ರ ಇದನ್ನು ಬಿಟ್ಟುಕೊಟ್ಟರು. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಆಟೊಫೋಕಸ್ ಕ್ಯಾಮೆರಾಗಳ ಕಾಲ ಶುರುವಾಯಿತು. ಸಣ್ಣ ಊರುಗಳಿಗೆ ಅದು ಡಿಜಿಟಲ್ ಜತೆಗೇ ಬಂತು.

ಕಣ್ಣಿಗೆ ಮೋಸ

'ಸ್ಕ್ರೀನ್‌ನಾಗ ಭಾರೀ ಕಾಣ್ತಿತ್ರೀ, ಆಲ್ಬಂನಾಗ ಮಸುಕ ಬಂತು.' ಹಳೇ ಲೆನ್ಸ್ ಹಾಕಿ ನೋಡಿದವರ ಮೊದಲ ದೂರು ಇದೇ. ಮೂರು ಇಂಚಿನ ಪರದೆಯಲ್ಲಿ ಎಲ್ಲವೂ ಚೂಪಾಗಿಯೇ ಕಾಣುತ್ತದೆ. ಅದನ್ನೇ 12 ಇಂಟು 36ರ ಆಲ್ಬಂ ಹಾಳೆಗೆ ಹಿಗ್ಗಿಸಿದಾಗ ಮದುಮಗಳ ಕಣ್ಣು ಮಸುಕು, ಕಿವಿಯ ಜುಮಕಿ ಸ್ಪಷ್ಟ! ಆಗ ತಿದ್ದಲು ಆಗುವುದಿಲ್ಲ. ಬೆಳಕು ಕಡಿಮೆ ಬಿದ್ದರೆ ಕಂಪ್ಯೂಟರ್‌ನಲ್ಲಿ ಹೆಚ್ಚಿಸಬಹುದು, ಬಣ್ಣ ತಿದ್ದಬಹುದು. ತಪ್ಪಿದ ಫೋಕಸ್ ತಪ್ಪಿದ್ದೇ.

ತಪ್ಪಲು ಕಾರಣವಿದೆ. ಹಳೇ ಎಸ್‌ಎಲ್‌ಆರ್ ಕ್ಯಾಮೆರಾಗಳ ಕಿಂಡಿಯಲ್ಲಿ ನಡುವೆ ಒಂದು ಸಣ್ಣ ವೃತ್ತ ಇರುತ್ತಿತ್ತು. ಫೋಕಸ್ ತಪ್ಪಿದ್ದರೆ ಆ ವೃತ್ತದೊಳಗೆ ಚಿತ್ರ ಎರಡು ತುಂಡಾಗಿ ಕಾಣುತ್ತಿತ್ತು. ರಿಂಗ್ ತಿರುಗಿಸಿ ಎರಡೂ ತುಂಡು ಕೂಡಿಸಿದರೆ ಮುಗೀತು. ಕಂಬ, ಬಾಗಿಲ ಚೌಕಟ್ಟು, ಮೂಗಿನ ಗೆರೆ ಯಾವುದಾದರೂ ಸಾಕು. ಡಿಜಿಟಲ್ ಎಸ್‌ಎಲ್‌ಆರ್ ಮಾಡಿದವರು ಇದನ್ನು ತೆಗೆದುಹಾಕಿ, ಆಟೊಫೋಕಸ್‌ಗೆ ಹೊಂದುವ ಹೊಳಪಿನ ಗಾಜು ಹಾಕಿದರು. ಆ ಗಾಜಿನಲ್ಲಿ ಎಫ್ 1.4, 1.8ರ ನಿಜವಾದ ಮಸುಕು ಪೂರ್ತಿ ಕಾಣುವುದೇ ಇಲ್ಲ. ಸುಮಾರು ಎಫ್ 2.8ರಲ್ಲಿ ತೆಗೆದಷ್ಟು ಆಳ ಕಾಣುತ್ತದೆ. ಹೀಗಾಗಿ ಕಣ್ಣಿಗೆ ಸರಿ ಅನ್ನಿಸಿದ್ದು ಕಾರ್ಡ್‌ನಲ್ಲಿ ಸರಿ ಇರುವುದಿಲ್ಲ. ನಿಕಾನ್ ಬಾಡಿಗಳಲ್ಲಿ ಕಿಂಡಿಯ ಮೂಲೆಗೆ ಫೋಕಸ್ ಕೂತಾಗ ಬೆಳಗುವ ಹಸಿರು ಚುಕ್ಕೆ ಇದೆ. ಅದು ಒಂದಿಷ್ಟು ಆಸರೆ, ಅಷ್ಟೇ.

2008ರಲ್ಲಿ ಮೊದಲ ಮಿರರ್‌ಲೆಸ್ ಬಂದಾಗ ಚಿತ್ರ ಬದಲಾಯಿತು. ಇಲ್ಲಿ ಕನ್ನಡಿ ಇಲ್ಲ. ಸೆನ್ಸರ್‌ಗೆ ಬಿದ್ದದ್ದೇ ಕಣ್ಣಿಗೆ ಕಾಣುತ್ತದೆ. ಒಂದು ಬಟನ್ ಒತ್ತಿದರೆ ಚಿತ್ರದ ಒಂದು ತುಣುಕು ಐದು, ಹತ್ತು ಪಟ್ಟು ದೊಡ್ಡದಾಗುತ್ತದೆ. ಕಣ್ಣಿನ ರೆಪ್ಪೆ ಎಣಿಸಬಹುದು. ಇದಲ್ಲದೆ 'ಪೀಕಿಂಗ್' ಅಂತ ಒಂದಿದೆ. ಫೋಕಸ್ ಕೂತ ಅಂಚುಗಳಿಗೆ ಕೆಂಪು, ಹಳದಿ ಅಥವಾ ಬಿಳಿ ಬಣ್ಣ ಬಳಿದು ತೋರಿಸುತ್ತದೆ.

ಯಾವ ಲೆನ್ಸ್ ಯಾವುದಕ್ಕೆ?

ಲೆನ್ಸ್ ಕೂಡುವ ಜಾಗದಿಂದ ಫಿಲಂವರೆಗಿನ ಅಂತರ ಒಂದೊಂದು ಕಂಪನಿಗೆ ಒಂದೊಂದು. ನಿಕಾನ್‌ದು 46.5 ಮಿಲಿಮೀಟರ್. ಜೆನಿಟ್, ಹಳೇ ಪೆಂಟಾಕ್ಸ್‌ನ ತಿರುಪಿನ ಲೆನ್ಸ್‌ದು 45.46. ಕ್ಯಾನನ್ ಇಒಎಸ್‌ದು 44, ಹಳೇ ಕ್ಯಾನನ್ ಎಫ್‌ಡಿಯದು 42. ಹೊಸ ಬಾಡಿಯ ಅಂತರ ಲೆನ್ಸ್‌ನ ಅಂತರಕ್ಕಿಂತ ಕಡಿಮೆ ಇದ್ದರೆ ನಡುವೆ ಉಂಗುರ ಹಾಕಿ ಸರಿದೂಗಿಸಬಹುದು. ಹೆಚ್ಚಿದ್ದರೆ ಆಗುವುದಿಲ್ಲ. ಆದ್ದರಿಂದಲೇ ಜೆನಿಟ್ ಲೆನ್ಸ್ ಕ್ಯಾನನ್ ಎಸ್‌ಎಲ್‌ಆರ್‌ಗೆ ಸಲೀಸಾಗಿ ಕೂಡುತ್ತದೆ. ಅದನ್ನೇ ನಿಕಾನ್ ಎಸ್‌ಎಲ್‌ಆರ್‌ಗೆ ಬರೀ ಉಂಗುರದಿಂದ ಹಾಕಿದರೆ ಹತ್ತಿರದ ಮುಖ ಬರುತ್ತದೆ, ದೂರದ ಗುಡ್ಡ ಬರುವುದಿಲ್ಲ. ಒಳಗೆ ಗಾಜಿರುವ ಅಡಾಪ್ಟರ್ ಸಿಗುತ್ತವೆ, ಆದರೆ ಅಗ್ಗದವು ಚಿತ್ರದ ಚೂಪು ಕೆಡಿಸುತ್ತವೆ.

ಮಿರರ್‌ಲೆಸ್‌ಗಳಲ್ಲಿ ಈ ಅಂತರ ಬಹಳ ಕಡಿಮೆ. ಸೋನಿಯದು 18, ಕ್ಯಾನನ್ ಆರ್‌ಎಫ್ 20, ನಿಕಾನ್ ಜೆಡ್ 16 ಮಿಲಿಮೀಟರ್. ಹೀಗಾಗಿ ಎಸ್‌ಎಲ್‌ಆರ್ ಕಾಲದ ಯಾವ ಲೆನ್ಸಾದರೂ ಕೂಡಿಸಬಹುದು. ಮೆನುವಿನಲ್ಲಿ 'ಲೆನ್ಸ್ ಇಲ್ಲದಿದ್ದರೂ ಕ್ಲಿಕ್ ಆಗಲಿ' ಎಂಬರ್ಥದ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡದಿದ್ದರೆ ಹಳೇ ಲೆನ್ಸ್ ಹಾಕಿದಾಗ ಕೆಲವು ಕ್ಯಾಮೆರಾ ಕ್ಲಿಕ್ಕೇ ಆಗುವುದಿಲ್ಲ. ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಲೆನ್ಸ್ ಎಷ್ಟು ಎಂಎಂ ಎಂಬುದನ್ನು ಕೈಯಿಂದಲೇ ತುಂಬಬೇಕು. ಲೆನ್ಸ್ ಬದಲಿಸಿ ಈ ಅಂಕಿ ಬದಲಿಸದೆ ಬಿಟ್ಟರೆ ನಡುಕ ಕಡಿಮೆಯಾಗುವ ಬದಲು ಹೆಚ್ಚಾಗಬಹುದು.

ನಿಕಾನ್ ಎಸ್‌ಎಲ್‌ಆರ್ ಇಟ್ಟವರಿಗೆ ಒಂದು ಎಚ್ಚರಿಕೆ. 1977ಕ್ಕಿಂತ ಮೊದಲಿನ, 'ಎಐ' ಅಲ್ಲದ ಲೆನ್ಸ್‌ಗಳನ್ನು ಕೆಲವು ಡಿಜಿಟಲ್ ಬಾಡಿಗಳಿಗೆ ಒತ್ತಿ ಕೂರಿಸಿದರೆ ಬಾಡಿಯ ಸಣ್ಣ ಹಲ್ಲು ಮುರಿಯುತ್ತದೆ. ಕೂಡದಿದ್ದರೆ ಬಲ ಹಾಕಬಾರದು.

ಇಚಲಕರಂಜಿಯ ಮಗ್ಗದ ಮುಂದೆ 28

ಎಂಎಂ ಬದಲಾದಂತೆ ಫೋಕಸ್ ಮಾಡುವ ರೀತಿಯೂ ಬದಲಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. 28ರಲ್ಲಿ ನಡೆದ ಉಡಾಫೆ 135ರಲ್ಲಿ ನಡೆಯುವುದಿಲ್ಲ. (ಮುಂದೆ ಕೊಟ್ಟ ಅಳತೆಗಳೆಲ್ಲ ಸಾಮಾನ್ಯವಾಗಿ ಎಲ್ಲರ ಬಳಿ ಇರುವ ಸಣ್ಣ ಸೆನ್ಸರ್‌ನ ಕ್ಯಾಮೆರಾಕ್ಕೆ. ಅದರಲ್ಲಿ 28 ಎಂಎಂ ಲೆನ್ಸ್ 42ರಂತೆ, 50 ಲೆನ್ಸ್ 75ರಂತೆ ಕಾಣುತ್ತದೆ.)

28 ಎಂಎಂ ಲೆನ್ಸ್ ಅನ್ನು ಎಫ್ 8ಕ್ಕೆ ಇಟ್ಟು, ರಿಂಗ್ ಮೇಲಿನ ಅಂಕಿಯನ್ನು 5 ಮೀಟರ್‌ಗೆ ನಿಲ್ಲಿಸಿದರೆ ಸುಮಾರು ಎರಡೂವರೆ ಮೀಟರ್‌ನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಮತ್ತೆ ರಿಂಗ್ ಮುಟ್ಟುವ ಕೆಲಸವೇ ಇಲ್ಲ. ಬೀದಿಯ ಮೆರವಣಿಗೆ, ಜಾತ್ರೆ, ಕಬ್ಬಿನ ಗಾಡಿ, ಗಾಣದ ಮನೆಯ ಅಂಗಳ ಎಲ್ಲಕ್ಕೂ ಇದು ಸಾಕು. ಆಟೊಫೋಕಸ್‌ಗಿಂತ ಬೇಗ ಕೆಲಸ ಆಗುತ್ತದೆ ಅಂದರೆ ನಂಬಲಿಕ್ಕಿಲ್ಲ, ಆದರೆ ನಿಜ.

ಲೆನ್ಸ್ ಮೇಲೆ ಕೊರೆದ ಆಳದ ಗೆರೆಗಳನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಅವು ರೋಲ್ ಕಾಲದ ಸಣ್ಣ ಪ್ರಿಂಟ್ ಲೆಕ್ಕಕ್ಕೆ ಹಾಕಿದವು. ಎಫ್ 8 ಇಟ್ಟಿದ್ದರೆ ಎಫ್ 4ರ ಗೆರೆ ನೋಡಿಕೊಳ್ಳುವುದು ಜಾಣತನ.

ಇಚಲಕರಂಜಿಯ ಮಗ್ಗದ ಶೆಡ್ ಒಳಗೆ ಹೋದರೆ ಲೆಕ್ಕ ಬೇರೆ. 1904ರಲ್ಲಿ ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ್ ಘೋರ್ಪಡೆ ಅವರ ಆಸರೆಯಲ್ಲಿ ಮೊದಲ ಪವರ್‌ಲೂಮ್ ಬಂದ ಊರಿದು. 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಎಂಬ ಹೆಸರು ಬಂದದ್ದು ಅದರಿಂದಲೇ. ಮರಾಠಿಯ ಜತೆ ಕನ್ನಡವೂ ಕಿವಿಗೆ ಬೀಳುವ ಈ ಶೆಡ್‌ಗಳಲ್ಲಿ ಬೆಳಕು ಕಡಿಮೆ. ಎಫ್ 8 ಇಟ್ಟರೆ ಚಿತ್ರ ಕಪ್ಪು. ಎಫ್ 2.8ಕ್ಕೆ ತೆರೆಯಲೇಬೇಕು. ಆಗ ಎರಡು ಮೀಟರ್ ದೂರದ ನೇಕಾರನ ಮುಂದೆ ಹಿಂದೆ ಸೇರಿ ಉಳಿಯುವ ಆಳ ಅರ್ಧ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಪರವಾಗಿಲ್ಲ, ಕೆಲಸ ನಡೆಯುತ್ತದೆ.

ತೊಂದರೆ ಕೊಡುವುದು ಪೀಕಿಂಗ್. ಮಗ್ಗದ ಮೇಲೆ ಸಾವಿರಾರು ಹಾಸಿನ ಎಳೆಗಳು. ಎಳೆ ಎಳೆಗೂ ಅಂಚು. ಪರದೆ ತುಂಬ ಬಣ್ಣವೇ ಬಣ್ಣ. ಯಾವುದು ಫೋಕಸ್, ಯಾವುದು ಅಲ್ಲ ತಿಳಿಯುವುದಿಲ್ಲ. ಇಂಥಲ್ಲಿ ಪೀಕಿಂಗ್ ಬಂದ್ ಮಾಡಿ, ನೇಕಾರನ ಕಣ್ಣನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುವುದೇ ಸರಿ. ಟ್ಯೂಬ್‌ಲೈಟ್ ಇದ್ದರೆ ಶಟರ್ ಸೆಕೆಂಡಿನ 50ನೇ ಅಥವಾ 100ನೇ ಭಾಗಕ್ಕಿಡಬೇಕು, ಇಲ್ಲದಿದ್ದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತವೆ. ಇನ್ನೊಂದು, ಶೆಡ್ ಒಳಗೆ ಲೆನ್ಸ್ ಬದಲಿಸಬೇಡ್ರಿ. ಗಾಳಿಯಲ್ಲಿ ತೇಲುವ ಹತ್ತಿಯ ನಾರು ಸೀದಾ ಸೆನ್ಸರ್ ಮೇಲೆ ಕೂಡುತ್ತದೆ.

ಗಡಹಿಂಗ್ಲಜದ ಮೆಣಸಿನಕಾಯಿ, 50ರ ಲೆನ್ಸ್

ಹಳೇ ಲೆನ್ಸ್‌ಗಳಲ್ಲಿ ಹೆಚ್ಚು ಸಿಗುವುದು 50 ಎಂಎಂ. ರೋಲ್ ಕಾಲದಲ್ಲಿ ಕ್ಯಾಮೆರಾ ಕೊಂಡರೆ ಜತೆಗೆ ಬರುತ್ತಿದ್ದುದೇ ಅದು. ಹಳೇ ಗಾಜಿನ ನಿಜವಾದ ರುಚಿ ಸಿಗುವುದೂ ಇದರಲ್ಲೇ. ಹೆಲಿಯೊಸ್ 58 ಹಿನ್ನೆಲೆಯ ಎಲೆಗಳನ್ನು ಸುಳಿಯಂತೆ ಸುತ್ತಿಸುತ್ತದೆ. ಹೊಸ ಲೆನ್ಸ್‌ಗಳು ಬೇಕೆಂದೇ ತಿದ್ದಿಕೊಂಡ ದೋಷ ಅದು. ಈಗಿನವರಿಗೆ ಅದೇ ಚಂದ!

50 ಎಂಎಂ ಎಫ್ 1.8ರಲ್ಲಿ, ಎರಡು ಮೀಟರ್ ದೂರದ ಮುಖಕ್ಕೆ ಸಿಗುವ ಆಳ ಬರೀ 11-12 ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಇನ್ನೂ ಹತ್ತಿರ ಹೋದರೆ ಒಂದು ಕಣ್ಣಿಗೆ ಫೋಕಸ್ ಬಂದರೆ ಇನ್ನೊಂದಕ್ಕೆ ಇಲ್ಲ. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣು ಹಿಡಿಯಬೇಕು. ನಡುವಿನಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ಓರೆ ಮಾಡುವ ಚಾಳಿ ಇಲ್ಲಿ ಕೈ ಕೊಡುತ್ತದೆ. ಓರೆ ಮಾಡಿದಾಗ ಫೋಕಸ್‌ನ ಪಾತಳಿಯೇ ಹಿಂದೆ ಸರಿಯುತ್ತದೆ. ಮೊದಲು ಚೌಕಟ್ಟು ಕೂಡಿಸಿ, ಆಮೇಲೆ ಹಿಗ್ಗಿಸಿ ನೋಡಿ, ಉಸಿರು ಬಿಟ್ಟು ಕ್ಲಿಕ್ ಮಾಡಬೇಕು. ನಿಂತವನ ಮೈ ಉಸಿರಿಗೇ ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ಆಡುತ್ತದೆ. ಮೂರು ನಾಲ್ಕು ಫ್ರೇಮ್ ಒಟ್ಟಿಗೆ ತೆಗೆದರೆ ಒಂದಾದರೂ ಕೂಡುತ್ತದೆ.

ಗಡಹಿಂಗ್ಲಜದ ಬಜಾರಕ್ಕೆ ಸಂಕೇಶ್ವರಿ ಮೆಣಸಿನಕಾಯಿ ಬರುವ ಹಂಗಾಮಿನಲ್ಲಿ ಹೋದರೆ ಬೇರೊಂದು ಪೇಚು. ಕೆಂಪು ರಾಶಿಯ ಮೇಲೆ ಪೀಕಿಂಗ್‌ನ ಬಣ್ಣವೂ ಕೆಂಪೇ ಇದ್ದರೆ ಏನೂ ಕಾಣುವುದಿಲ್ಲ. ಬಹಳ ಮಂದಿ 'ಪೀಕಿಂಗ್ ಕೆಟ್ಟೈತಿ' ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ, ಬಣ್ಣ ಹಳದಿಗೋ ಬಿಳಿಗೋ ಬದಲಿಸಬೇಕು ಅಷ್ಟೇ. ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಅದಕ್ಕೆ ಕ್ಯಾಮೆರಾದಲ್ಲಿ ಮದ್ದಿಲ್ಲ.

ಕಣ್ಣಿನ ಮಾತು ಬಂತು. 'ನಮಗ ಚಾಳೀಸ ಬಂದೈತಿ, ಇನ್ನ ಕೈಯಿಂದ ಫೋಕಸ್ ಆಗೂದಿಲ್ಲ' ಅಂತ ಕೈ ಬಿಟ್ಟ ಹಿರಿಯ ಫೋಟೊಗ್ರಾಫರ್‌ಗಳು ಊರೂರಿಗೂ ಇದ್ದಾರೆ. ಕಿಂಡಿಯ ಪಕ್ಕದಲ್ಲಿ ಒಂದು ಸಣ್ಣ ಗಾಲಿ ಇರುತ್ತದೆ. ಲೆನ್ಸ್ ಕಡೆ ನೋಡದೆ, ಕಿಂಡಿಯೊಳಗಿನ ಅಂಕಿಗಳು ಚೊಕ್ಕ ಕಾಣುವವರೆಗೆ ಅದನ್ನು ತಿರುಗಿಸಬೇಕು. ಒಮ್ಮೆ ಮಾಡಿದರೆ ಮುಗೀತು. ಈ ಗಾಲಿ ಯಾಕಿದೆ ಅಂತ ಗೊತ್ತಿಲ್ಲದೆ, ಮಗ ತಿರುಗಿಸಿಟ್ಟ ನಂಬರ್‌ನಲ್ಲೇ ಅಪ್ಪ ನೋಡಿ, ತಪ್ಪು ತನ್ನ ಕಣ್ಣಿನದು ಅಂದುಕೊಳ್ಳುವುದುಂಟು.

ರಿಂಗ್ ತಿರುಗುವ ದಿಕ್ಕೂ ನೆನಪಿರಬೇಕು. ನಿಕಾನ್ ಒಂದು ಕಡೆ, ಕ್ಯಾನನ್ ಅದರ ವಿರುದ್ಧ ಕಡೆ. ಎರಡೂ ಬ್ಯಾಗ್‌ನಲ್ಲಿಟ್ಟುಕೊಂಡವನ ಕೈ ತಡವರಿಸುತ್ತದೆ.

ಮದುವೆಗೆ ಇದು ಆಗುತ್ತದೆಯೇ? ಮದುಮಕ್ಕಳನ್ನು ನಿಲ್ಲಿಸಿ, ಕೂರಿಸಿ ತೆಗೆಯುವ ಫೋಟೊಗಳಿಗೆ ಧಾರಾಳ ಆಗುತ್ತದೆ. ಅಕ್ಷತೆ ಬೀಳುವ ಹೊತ್ತಿಗೆ ಇದನ್ನು ನಂಬಿ ನಿಂತರೆ ಕೆಲಸ ಕೆಟ್ಟಂತೆ. ಆ ಕ್ಷಣವನ್ನು ಎರಡನೇ ಸಲ ಮಾಡಿಸಲು ಬರುವುದಿಲ್ಲ, ಬೀಗರು ಕೇಳುವುದೂ ಇಲ್ಲ. ಅಲ್ಲಿ ಆಟೊಫೋಕಸ್ ಲೆನ್ಸೇ ಇರಲಿ. ಸಾಲ ಮಾಡಿ ದುಬಾರಿ ಪೋರ್ಟ್ರೇಟ್ ಲೆನ್ಸ್ ಕೊಳ್ಳುವ ಬದಲು ಆ ಒಂದು ಕೆಲಸಕ್ಕೆ ಅಪ್ಪನ 50 ತೆಗೆದುಕೊಂಡರೆ ಹಣ ಉಳಿಯುತ್ತದೆ ಎಂಬುದಷ್ಟೇ ಇಲ್ಲಿನ ಲಾಭ. ಸಣ್ಣ ಊರಿನ ಸ್ಟುಡಿಯೊಕ್ಕೆ ಅದೇನು ಕಡಿಮೆಯಲ್ಲ.

ಮೈದಾನದಲ್ಲಿ 135

ಕಷ್ಟದ ಪರೀಕ್ಷೆ ಇರುವುದು ಉದ್ದ ಲೆನ್ಸ್‌ಗೆ. 135 ಎಂಎಂ ಎಫ್ 2.8ರಲ್ಲಿ, ಐದು ಮೀಟರ್ ದೂರಕ್ಕೆ ಉಳಿಯುವ ಆಳ 15 ಸೆಂಟಿಮೀಟರ್. ಕೊಲ್ಹಾಪುರದ ಶಾಹು ಸ್ಟೇಡಿಯಂನಲ್ಲಿ ಪಾಟಾಕಡೀಲ್ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮುಗಳ ಫುಟ್‌ಬಾಲ್ ಪಂದ್ಯ ನಡೆದಾಗ ಪೇಟೆಗೆ ಪೇಟೆಯೇ ಗ್ಯಾಲರಿಯಲ್ಲಿರುತ್ತದೆ. ಗಡಹಿಂಗ್ಲಜದಲ್ಲೂ ಫುಟ್‌ಬಾಲ್ ಹುಚ್ಚು ಕಡಿಮೆಯಿಲ್ಲ. ಓಡುವ ಆಟಗಾರನ ಹಿಂದೆ ರಿಂಗ್ ತಿರುಗಿಸುತ್ತ ಹೋದರೆ ಹತ್ತಕ್ಕೆ ಒಂಬತ್ತು ಚಿತ್ರ ಹಾಳು.

ಹಳಬರು ಮಾಡುತ್ತಿದ್ದುದು ಬೇರೆ. ಚೆಂಡು ಎಲ್ಲಿಗೆ ಬಂದೇ ಬರುತ್ತದೆಯೋ ಅಲ್ಲಿಗೆ ಮೊದಲೇ ಫೋಕಸ್ ಮಾಡಿ ಕಾಯುವುದು. ಗೋಲ್ ಕಂಬ, ಪೆನಾಲ್ಟಿ ಚುಕ್ಕೆ, ಕಾರ್ನರ್ ಬಾವುಟ ಇವು ಜಾಗ ಬಿಟ್ಟು ಹೋಗುವುದಿಲ್ಲ. 20 ಮೀಟರ್ ದೂರದ ಕಂಬಕ್ಕೆ 135ರ ಲೆನ್ಸ್ ಎಫ್ 2.8ರಲ್ಲೇ ಹಿಂದೆ ಮುಂದೆ ಸೇರಿ ಸುಮಾರು ಎರಡೂವರೆ ಮೀಟರ್ ಆಳ ಕೊಡುತ್ತದೆ. 200 ಎಂಎಂ ಎಫ್ 4ರಲ್ಲಾದರೆ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಆಟಗಾರ ಆ ಪಟ್ಟಿಯೊಳಗೆ ಕಾಲಿಡುವುದಕ್ಕೆ ಒಂದು ಕ್ಷಣ ಮೊದಲೇ ಬಟನ್ ಒತ್ತಬೇಕು. ಗೋಲ್ ಆದ ಮೇಲೆ ಒತ್ತಿದರೆ ಚೆಂಡು ಬಲೆಯಲ್ಲಿ, ಆಟಗಾರ ಗೆಳೆಯರ ಹೆಗಲ ಮೇಲೆ!

ಚಿತ್ರ ಮಸುಕಾದರೆ ತಪ್ಪು ಯಾರದು ಅಂತ ತಿಳಿಯಲು ಹುಲ್ಲು ನೋಡಬೇಕು. ಆಟಗಾರನ ಮುಂದಿನ ಹುಲ್ಲು ಚೂಪಾಗಿದ್ದರೆ ಫೋಕಸ್ ಮುಂದೆ ಕೂತಿದೆ. ಹಿಂದಿನ ಹುಲ್ಲು ಚೂಪಾಗಿದ್ದರೆ ಹಿಂದೆ. ಎಲ್ಲಿಯೂ ಚೂಪಿಲ್ಲ ಅಂದರೆ ಕೈ ನಡುಗಿದೆ. ಹುಲ್ಲು ಸರಿಯಿದ್ದು ಕಾಲು ಮಾತ್ರ ಎಳೆದಂತಿದ್ದರೆ ಶಟರ್ ನಿಧಾನವಾಗಿದೆ.

ಶಾಹು ಮಹಾರಾಜರ ಕಾಲದಲ್ಲಿ 1912ರಲ್ಲಿ ಸಿದ್ಧವಾದ ಖಾಸಬಾಗ್ ಕುಸ್ತಿ ಮೈದಾನ ಇದಕ್ಕಿಂತ ಸುಲಭ. ಪೈಲ್ವಾನರು ಕೆಂಪು ಮಣ್ಣಿನ ಅಖಾಡ ಬಿಟ್ಟು ಹೊರಗೆ ಬರುವುದಿಲ್ಲ, ಅಂತರ ಹೆಚ್ಚು ಬದಲಾಗುವುದಿಲ್ಲ. ಪಟ್ಟು ಬಿದ್ದು ಇಬ್ಬರೂ ಒಂದು ಕ್ಷಣ ಬಿಗಿದು ನಿಲ್ಲುವುದುಂಟು. ಕೈಯಿಂದ ಫೋಕಸ್ ಮಾಡುವವನಿಗೆ ಅಷ್ಟು ಹೊತ್ತು ಸಾಕು.

ಖಿದ್ರಾಪುರದಲ್ಲಿ 'ಅನಂತ'ದ ಗುರುತು

ಶಿರೋಳ ತಾಲ್ಲೂಕಿನ ಖಿದ್ರಾಪುರದ ಕೋಪೇಶ್ವರ ಗುಡಿಗೆ ಕ್ಯಾಮೆರಾ ಹೊತ್ತು ಹೋಗುವವರು ಬಹಳ. ಕೃಷ್ಣೆಯ ದಂಡೆ, ಕನ್ನಡ ಶಾಸನ, ಮೇಲೆ ದುಂಡಗೆ ತೆರೆದ ಸ್ವರ್ಗ ಮಂಟಪ. ಶಿಲಾಹಾರರ ಕಾಲದ ಈ ಗುಡಿಯ ಹೊರಗೋಡೆಯ ಆನೆಗಳ ಸಾಲಿಗೆ ನೇರ ಎದುರು ನಿಂತು, ಎಫ್ 8 ಇಟ್ಟು ತೆಗೆದರೆ ಹಳೇ ಲೆನ್ಸ್‌ಗೂ ಹೊಸದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಓರೆಯಾಗಿ ನಿಂತರೆ ಒಂದು ತುದಿಯ ಆನೆ ಮಸುಕು. ಮಂಟಪದ ತೆರೆದ ಬಾಯಿಯಿಂದ ಬಿಸಿಲು ಲೆನ್ಸ್‌ಗೆ ನೇರ ಬಿದ್ದರೆ ಹಳೇ ಗಾಜಿನಲ್ಲಿ ಚಿತ್ರವೆಲ್ಲ ಬಿಳುಚಿಕೊಳ್ಳುತ್ತದೆ. ಕೈ ಅಡ್ಡ ಹಿಡಿಯಬೇಕು.

ದೂರದ ಗೋಪುರಕ್ಕೆ ರಿಂಗ್ ಅನ್ನು ಮಲಗಿದ ಎಂಟರಂತಿರುವ ಗುರುತಿಗೆ ತಿರುಗಿಸಿ ನಿಶ್ಚಿಂತೆಯಿಂದ ಕ್ಲಿಕ್ ಮಾಡಿದವರು ಮನೆಗೆ ಬಂದು ಪೇಚಾಡುತ್ತಾರೆ. ಹೆಚ್ಚಿನ ಅಡಾಪ್ಟರ್‌ಗಳನ್ನು ಬೇಕೆಂದೇ ಕೂದಲೆಳೆಯಷ್ಟು ತೆಳುವಾಗಿ ಮಾಡಿರುತ್ತಾರೆ, ದೂರದ ಫೋಕಸ್ ಸಿಗದೇ ಹೋಗಬಾರದೆಂದು. ಹೀಗಾಗಿ ನಿಜವಾದ ದೂರ ಆ ಗುರುತಿಗಿಂತ ಸ್ವಲ್ಪ ಮೊದಲೇ ಬರುತ್ತದೆ. ಗುರುತು ನಂಬದೆ, ಶಿಖರವನ್ನೇ ಹಿಗ್ಗಿಸಿ ನೋಡಬೇಕು.

ಕಪಾಟಿನಿಂದ ತೆಗೆಯುವ ಮೊದಲು

ಇಟ್ಟ ಲೆನ್ಸ್‌ಗೆ ದೊಡ್ಡ ವೈರಿ ಮಳೆಗಾಲ. 2019 ಮತ್ತು 2021ರ ಪಂಚಗಂಗೆ, ಕೃಷ್ಣೆಯ ಮಹಾಪೂರ ಕಂಡ ಜಿಲ್ಲೆಯಿದು. ನೀರು ಒಳಗೆ ಬರದಿದ್ದರೂ ತೇವ ಬಿಡುವುದಿಲ್ಲ. ಲೆನ್ಸ್ ಅನ್ನು ಬೆಳಕಿಗೆ ಹಿಡಿದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ಅಷ್ಟೇನೂ ಧಕ್ಕೆಯಿಲ್ಲ. ಗಾಜಿನ ಲೇಪನವನ್ನೇ ತಿಂದಿದ್ದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಅಪರ್ಚರ್ ರಿಂಗ್ ತಿರುಗಿಸಿದಾಗ ಒಳಗಿನ ಎಲೆಗಳು ಚಟಕ್ಕನೆ ಆಡಬೇಕು. ಎಣ್ಣೆ ಹತ್ತಿ ಸಾವಕಾಶ ಆಡಿದರೆ ಬಿಚ್ಚಿಸಿ ಒರೆಸಬೇಕು.

ಫೋಕಸ್ ರಿಂಗ್ ಬಿಗಿಯಾಗಿದ್ದರೆ ಒಳಗಿನ ಗ್ರೀಸ್ ಒಣಗಿದೆ ಎಂದರ್ಥ. ಹೊರಗಿನಿಂದ ಎಣ್ಣೆ ಬಿಡುವುದು ದೊಡ್ಡ ತಪ್ಪು. ಅದು ಗಾಜಿನ ಮೇಲೆ, ಅಪರ್ಚರ್ ಎಲೆಗಳ ಮೇಲೆ ಹರಿದು ಲೆನ್ಸ್ ಪೂರ್ತಿ ಹೋಗುತ್ತದೆ. ಬಿಚ್ಚಲು ಬಲ್ಲ ರಿಪೇರಿಯವರ ಕೈಗೇ ಕೊಡಬೇಕು. ವಾಪಸ್ ಬಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡಬೇಕು. ಚರ್ಮದ ಹಳೇ ಕೇಸ್‌ನಲ್ಲಿ ಮಾತ್ರ ಬೇಡ, ಅದು ತೇವ ಹಿಡಿದು ಬೂಷ್ಟಿಗೆ ಮನೆ ಕಟ್ಟಿಕೊಡುತ್ತದೆ. ಪುಡಿಕೆಯ ಹರಳು ಬಣ್ಣ ಬಿಟ್ಟಾಗ ಹಂಚಿನ ಮೇಲೆ ಬಿಸಿ ಮಾಡಿ ಮತ್ತೆ ಹಾಕಬಹುದು.